ಕಾಡಿನ ಮನೆ ಅಂದ್ರೆ ದೆವ್ವದ ಮನೆಯಾ?

ನಮ್ಮ ಉಳವಿಯಲ್ಲಿ ವೆಬ್ ಸೀರೀಸ್ ನೋಡಬೇಕಂದ್ರೆ ನನಗೆ ಮೊದಲು ದಾಂಡೇಲಿಗೆ ಹೋದಾಗ ಡೌನ್‌ಲೋಡ್ ಮಾಡಿಕೊಂಡು ಬರೋ ಕೆಲಸ. 'ಅಯ್ಯನ ಮನೆ'ಯನ್ನೂ ಹಾಗೇ ತಂದೆ. ರಮೇಶ್ ಇಂದಿರಾ ನಿರ್ದೇಶನದ ಈ ಕಥೆ 2025ರ ಏಪ್ರಿಲ್ 25ಕ್ಕೆ ಜೀ5ರಲ್ಲಿ ಬಂತು. ಮಲೆನಾಡಿನ ಹಳೇ ಮನೆ, ಅಲ್ಲಿ ಸೊಸೆಯಂದಿರ ಸಾವು.

ಒಂದೇ ಫೋನಿನ ಮುಂದೆ ಐದು ಜನ ಕೂತೆವು. ಮಾನಸಿ ಸುಧೀರ್ ಬಂದದ್ದೇ ಪಕ್ಕದ ಮನೆ ಕಾಕು, "ಅಯ್ಯ, ಕಾಂತಾರದಾಗಿನ ಶಿವನ ಅವ್ವ!" ಅಂದರು. ಸೊಸೆ ಜಾಜಿಯಾಗಿ ಖುಷಿ ರವಿ ಕತ್ತಲಲ್ಲಿ ಕಾಲಿಟ್ಟಾಗೆಲ್ಲ, "ಹೋಗಬ್ಯಾಡ ಮಗಳ" ಅಂತ ಕೂಗಿದರು. ಮುಗಿದ ಮೇಲೆ ಸಿಟ್ಟಾದರು.

"ಯಾಕೋ ತಮ್ಮಾ, ಕಾಡಿನಾಗ ಮನಿ ಇದ್ರ ಅದು ದೆವ್ವದ ಮನೀನ ಆಗಬೇಕೇನು?"

ಎಲ್ಲರೂ ನಕ್ಕರು, ನನಗೆ ನಗು ಬರಲಿಲ್ಲ. ಇಷ್ಟು ವರ್ಷ ನಾನು ಪತ್ರಿಕೆಗೆ ಕಳಿಸಿದ ಸುದ್ದಿಗಳು ನೆನಪಾದವು: ಕಾಡುಕೋಣ ತಿವಿದದ್ದು, ಮಳೆಗೆ ಕೊಚ್ಚಿಹೋದ ರಸ್ತೆ, ಕಂಬಳಿಯಲ್ಲಿ ಹೊತ್ತು ತಂದ ರೋಗಿ. ಎಲ್ಲ ನಿಜವೇ. ಆದರೆ ಇದೇ ಕಾಕು ಜೋಯಿಡಾದ ಗೆಡ್ಡೆ ಗೆಣಸು ಮೇಳಕ್ಕೆ ತಾವು ಬೆಳೆದದ್ದನ್ನು ಬುಟ್ಟಿ ತುಂಬ ಒಯ್ಯುತ್ತಾರೆ. ಅವರ ಬಗ್ಗೆ ಒಂದು ಸಾಲೂ ಬರೆದಿರಲಿಲ್ಲ.

ಈ ವಾರ ಬರೆದು ಕಳಿಸಿದ್ದೇನೆ. ಹಾಕ್ತಾರೋ ಇಲ್ವೋ, ನೋಡೋಣ.