ಅಕ್ಕ ನಡೆದ ದಾರಿ

ಬಾಗೇವಾಡಿಯ ಅಗ್ರಹಾರದಲ್ಲಿ ಮಾದರಸನ ಮನೆ ಉಪನಯನಕ್ಕೆ ಸಜ್ಜಾಗಿತ್ತು. ಎಂಟರ ಹುಡುಗ ಬಸವಣ್ಣ ಜನಿವಾರ ಒಲ್ಲೆನೆಂದ. ಅಕ್ಕನಿಗಿಲ್ಲದ್ದು ತನಗೂ ಬೇಡವೆಂದ. ಅಪ್ಪ ಗದರಿದ, ನೆರೆದವರು ತಿರುಗಿಬಿದ್ದರು, ಹುಡುಗ ಹೊಸ್ತಿಲು ದಾಟಿದ. ಶರಣ ಪರಂಪರೆ ಹೇಳುವ ಈ ಕಥೆಯಲ್ಲಿ ಅಕ್ಕ ನಾಗಮ್ಮ ಮನೆಯಲ್ಲಿ ಉಳಿಯಲಿಲ್ಲ. ತಮ್ಮನ ಬೆನ್ನಿಗೇ ಹೊರಬಿದ್ದಳು.

ಎರೆಹೊಲ ತುಳಿದು, ಕೃಷ್ಣೆ ದಾಟಿ, ಮಲಪ್ರಭೆ ಬಂದು ಸೇರುವ ಕೂಡಲಸಂಗಮ ಮುಟ್ಟಿದರು. ಬಸವಣ್ಣನ ಓದು ಮುಗಿದದ್ದೇ ತಡ, ದಾರಿ ಬಡಗಣಕ್ಕೆ ತಿರುಗಿತು. ಮತ್ತೆ ಕೃಷ್ಣೆ. ಆಮೇಲೆ, ಉಕ್ಕಿದರೆ ಹೊಲವನ್ನೇ ನುಂಗುವ ಡೋಣಿ. ಅದರಾಚೆ ದೊರೆ ಬಿಜ್ಜಳನ ಮಂಗಳವೇಢೆ. ಅಲ್ಲಿ ಕರಣಿಕನಾದ ಬಸವಣ್ಣ ಮುಂದೆ ಭೀಮೆಯನ್ನೂ ದಾಟಿ ಕಲ್ಯಾಣ ಸೇರಿದ. ಇಂಡಿ, ಸಿಂದಗಿ, ಮುದ್ದೇಬಿಹಾಳದ ಜನ ಇಂದಿಗೂ ಗಂಟುಮೂಟೆ ಕಟ್ಟಿ ಮಹಾರಾಷ್ಟ್ರಕ್ಕೆ ಗುಳೆ ಹೋಗುವುದು ಇದೇ ದಿಕ್ಕಿಗೆ. ಅವರದು ಹೊಟ್ಟೆಪಾಡು. ಈ ಅಕ್ಕ-ತಮ್ಮ ಹೊರಟದ್ದು ಮೇಲುಕೀಳಿಲ್ಲದ ಬದುಕು ಕಟ್ಟಲು.

ಕಟ್ಟಿದರು ಕೂಡ. ಶರಣರ ಸಭೆಯಾದ ಅನುಭವ ಮಂಟಪದಲ್ಲಿ ಚಮ್ಮಾರ, ಮಡಿವಾಳ, ಅಂಬಿಗ ಸರಿಸಮ ಕೂತರು. ಬಸವಣ್ಣನ ಮಹಾಮನೆಯ ಹೊಣೆ ನಾಗಮ್ಮನ ಹೆಗಲಿಗೆ ಬಂತು. ಅವಳೂ ವಚನ ಬರೆದಳು. ಅಂಕಿತದಲ್ಲಿ ತಮ್ಮನ ಹೆಸರಿಟ್ಟಳು: ‘ಬಸವಣ್ಣಪ್ರಿಯ ಚೆನ್ನಸಂಗಯ್ಯ’.

1167ರ ಹೊತ್ತಿಗೆ ಸಿಡಿಲು ಬಡಿಯಿತು. ಚಮ್ಮಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತೆಂದು ಬಿಜ್ಜಳ ಇಬ್ಬರು ಬೀಗರನ್ನೂ ಆನೆಯ ಕಾಲಿಗೆ ಕಟ್ಟಿ ಎಳೆಸಿದ. ಬಿಜ್ಜಳನ ಕೊಲೆಯಾಯಿತು. ಬಸವಣ್ಣ ಸಂಗಮಕ್ಕೆ ಮರಳಿ ಐಕ್ಯನಾದ. ಕಲ್ಯಾಣದ ಬೀದಿಗಳಲ್ಲಿ ಶರಣರ ಬೇಟೆ ಶುರುವಾಯಿತು.

ಅಕ್ಕ ಅಳುತ್ತ ಕೂರಲಿಲ್ಲ. ಮಗ ಚೆನ್ನಬಸವಣ್ಣನೊಡನೆ ವಚನದ ಓಲೆಕಟ್ಟುಗಳನ್ನು ಹೊತ್ತು ಹೊರಟಳು. ಬೆನ್ನಟ್ಟಿ ಬಂತು ಸೈನ್ಯ. ಮಡಿವಾಳ ಮಾಚಯ್ಯ ಕತ್ತಿ ಹಿಡಿದು ಕಾವಲಿಗೆ ನಿಂತ. ಮಲಪ್ರಭೆಯ ದಡದ ಕಾದರವಳ್ಳಿಯಲ್ಲಿ ಕಾಳಗ. ಕಕ್ಕೇರಿಯಲ್ಲಿ ಡೋಹರ ಕಕ್ಕಯ್ಯ ಬಿದ್ದ. ಉಳಿದವರು ಕಾಡು ಹೊಕ್ಕರು, ಉಳವಿ ಸೇರಿದರು. ಅಲ್ಲಿ ಮಗನೂ ಐಕ್ಯನಾದ. ಆಗಲೂ ತಾಯಿ ನಿಲ್ಲಲಿಲ್ಲ. ಮಲೆನಾಡು ಹಾದು ತರೀಕೆರೆ ಸೀಮೆಯ ಎಣ್ಣೆಹೊಳೆಯವರೆಗೆ ನಡೆದಳು. ಅವಳ ಸಮಾಧಿ ಅಲ್ಲಿದೆ.

ತಮ್ಮನಿಗಿಂತ ಅಕ್ಕ ನಡೆದದ್ದೇ ಹೆಚ್ಚು. ಹೊತ್ತ ಕಟ್ಟನ್ನು ಅವಳು ನಡುದಾರಿಯಲ್ಲಿ ಇಳಿಸಿದ್ದರೆ ಎಷ್ಟೋ ವಚನಗಳು ಇಂದು ನಮ್ಮ ಕೈಯಲ್ಲಿ ಇರುತ್ತಿರಲಿಲ್ಲ. ಬಸವನ ಬಾಗೇವಾಡಿಗೆ ಹೋದಾಗ ಬಸವಣ್ಣನಿಗೆ ಕೈಮುಗಿಯಿರಿ. ಜೊತೆಗಿರುವ ಮಕ್ಕಳಿಗೆ ಅಕ್ಕ ನಾಗಮ್ಮನ ಕಥೆಯನ್ನೂ ಹೇಳಿ.