ಎಡಗಾಲಿಯ ಕೆಂಪು ಪಟ್ಟಿ

ಸ್ಕಾಟ್ಲೆಂಡಿನ ಪೂರ್ವತೀರದಲ್ಲಿ ಫೈಫ್ ಎಂಬ ಸೀಮೆಯುಂಟು. ಗಾಲ್ಫ್ ಆಟದ ತವರೆಂದು ಹೆಸರಾದ ಸೇಂಟ್ ಆಂಡ್ರೂಸ್ ಪಟ್ಟಣವಿರುವುದು ಈ ಸೀಮೆಯಲ್ಲಿಯೇ. ಜನರು ಬಿಲ್ವಿದ್ಯೆಯನ್ನು ಮರೆತು ಈ ಆಟದಲ್ಲಿ ಮುಳುಗುತ್ತಿದ್ದಾರೆಂದು 1457ರಲ್ಲಿ ಆ ದೇಶದ ಪಾರ್ಲಿಮೆಂಟು ಅದನ್ನು ನಿಷೇಧಿಸಿ ಶಾಸನ ಮಾಡಿತು. ಶಾಸನ ಹೋಯಿತು, ಆಟ ಉಳಿಯಿತು. ಅಲ್ಲಿಯ ಪ್ರಸಿದ್ಧವಾದ ಹಳೆಯ ಬಯಲು ಇಂದಿಗೂ ಸಾರ್ವಜನಿಕರ ಸ್ವತ್ತು. ಭಾನುವಾರಗಳಲ್ಲಿ ಸಾಮಾನ್ಯವಾಗಿ ಆಟಕ್ಕೆ ರಜೆಯಾದುದರಿಂದ ಊರಿನವರು ನಾಯಿಗಳನ್ನೂ ಮಕ್ಕಳನ್ನೂ ಕರೆದುಕೊಂಡು ಅದರ ಮೇಲೆ ಗಾಳಿಸಂಚಾರ ಮಾಡುವರು. ಗಾಲ್ಫ್ ಎಂದರೆ ಸಿರಿವಂತರ ವಿನೋದವೆಂಬ ಭಾವನೆ ನಮ್ಮ ಕಡೆ ಬೇರೂರಿದೆ; ಅಲ್ಲಿ ಮೀನುಗಾರನೂ ಆಡುತ್ತಾನೆ, ಅಂಚೆಯವನೂ ಆಡುತ್ತಾನೆ.

ಈ ಸೀಮೆಯ ಒಂದು ಸಣ್ಣ ಕಡಲೂರಿನಲ್ಲಿ ಬೆಂಗಳೂರಿನವರಾದ ವೈದ್ಯರೊಬ್ಬರು ನಲವತ್ತು ವರ್ಷಗಳಿಗೂ ಮೇಲ್ಪಟ್ಟು ನೆಲಸಿದ್ದಾರೆ. ಹೆಸರು ಬೇಡ, ಡಾಕ್ಟರರು ಎಂದರೆ ಸಾಕು, ಆ ಊರಿನವರು ಕರೆಯುವುದೂ ಹಾಗೆಯೇ. ವೃತ್ತಿಯಿಂದ ನಿವೃತ್ತರಾಗಿ ಬಹುಕಾಲವಾಯಿತು. ವಾರಕ್ಕೆ ಮೂರು ದಿನ ಕಡಲಂಚಿನ ಬಯಲಿನಲ್ಲಿ ಗಾಲ್ಫ್ ಆಡುವುದು, ಉಳಿದ ನಾಲ್ಕು ದಿನ ಆ ಮೂರು ದಿನಗಳ ತಪ್ಪುಗಳನ್ನು ಪತ್ನಿಗೆ ವಿವರಿಸುವುದು ಅವರ ದಿನಚರಿ.

ಆಟದಲ್ಲಿ ಅವರಿಗೊಂದು ವ್ರತವಿತ್ತು. ತಮ್ಮ ಚೀಲವನ್ನು ತಾವೇ ಹೊರಬೇಕು. ನಿಯಮದಂತೆ ಹದಿನಾಲ್ಕು ಕೋಲುಗಳವರೆಗೆ ಚೀಲದಲ್ಲಿರಬಹುದು. ಚೆಂಡು, ಛತ್ರಿ, ಮಳೆಯಂಗಿಗಳು ಸೇರಿದರೆ ಭಾರವು ಹನ್ನೆರಡು ಕಿಲೋಗ್ರಾಮನ್ನು ಸುಲಭವಾಗಿ ಮೀರುವುದು. ಹದಿನೆಂಟು ಕುಳಿಗಳನ್ನು ಮುಗಿಸುವಷ್ಟರಲ್ಲಿ ಎಂಟು ಕಿಲೋಮೀಟರಾದರೂ ನಡೆದಂತಾಗುತ್ತದೆ. ಇಷ್ಟನ್ನು ಎಪ್ಪತ್ತು ದಾಟಿದ ಮೇಲೂ ಅವರು ಬಿಡದೆ ಮಾಡಿದುದಕ್ಕೆ ಕಾರಣವು ಬೆಂಗಳೂರಿನಲ್ಲಿತ್ತು. 1876ರಲ್ಲಿ ಸ್ಥಾಪಿತವಾದ ಬೆಂಗಳೂರು ಗಾಲ್ಫ್ ಕ್ಲಬ್ಬು ಹೈಗ್ರೌಂಡ್ಸಿನಲ್ಲಿದೆ. ಬಾಲ್ಯದಲ್ಲಿ ಶಾಲೆಗೆ ಹೋಗುವಾಗ ಬೇಲಿಯಾಚೆ ಡಾಕ್ಟರರಿಗೆ ಕಾಣುತ್ತಿದ್ದುದು ಆಟವಲ್ಲ, ಚೀಲ ಹೊರುವ ಹುಡುಗರು. ಕ್ಯಾಡಿಗಳೆಂದು ಅವರಿಗೆ ಹೆಸರು. ಅವರಲ್ಲೊಬ್ಬನು ಇವರ ತರಗತಿಯವನೇ. ಬೆಳಗ್ಗೆ ಚೀಲ ಹೊತ್ತು ಬಂದ ದಿನ ಅವನು ಬಲಭುಜವನ್ನು ಗೋಡೆಗೆ ಒರಗಿಸಿ ಗಣಿತದ ಪಾಠದಲ್ಲಿ ನಿದ್ರಿಸುತ್ತಿದ್ದನು. ಉಪಾಧ್ಯಾಯರ ಬೆತ್ತವೂ ಆ ಭುಜದ ಮೇಲೆಯೇ ಬೀಳುತ್ತಿತ್ತು. ಮುಂದೆ ತಾವೇ ಆ ಆಟವನ್ನು ಕಲಿತಾಗ ಡಾಕ್ಟರರು ಇನ್ನೊಬ್ಬರ ಹೆಗಲನ್ನು ಬಳಸುವುದಿಲ್ಲವೆಂದು ನಿಶ್ಚಯಿಸಿದರು. ನಿಶ್ಚಯವು ಒಳ್ಳೆಯದೇ. ಆದರೆ ಒಳ್ಳೆಯ ನಿಶ್ಚಯಗಳು ಬಹುಕಾಲ ನಡೆದರೆ ಅವಕ್ಕೂ ಸ್ವಲ್ಪ ಗರ್ವ ಬರುವುದುಂಟು.

ಅವರ ಜೊತೆಗಾರರು ಆ ಊರಿನ ಶಾಲೆಯಲ್ಲಿ ಗಣಿತವನ್ನು ಬೋಧಿಸಿ ನಿವೃತ್ತರಾದ ಮೇಷ್ಟರು; ಆರಡಿಗೂ ಮೇಲಾದ ಎತ್ತರದವರು, ಮಿತಭಾಷಿಗಳು. ಇಪ್ಪತ್ತು ವರ್ಷ ಇಬ್ಬರೂ ಭುಜಕ್ಕೆ ಚೀಲ ಹಾಕಿಕೊಂಡು ಜೊತೆಯಾಗಿ ನಡೆದವರು. ಒಂದು ವಸಂತದಲ್ಲಿ ಮೇಷ್ಟರು ವಿದ್ಯುತ್ತಿನಿಂದ ನಡೆಯುವ ಗಾಡಿಯೊಂದನ್ನು ಕೊಂಡು ತಂದರು. ಮೂರು ಗಾಲಿಗಳ ಹಗುರವಾದ ಚೌಕಟ್ಟು. ಅದರ ಮೇಲೆ ಚೀಲವನ್ನು ಪಟ್ಟಿಗಳಿಂದ ಬಿಗಿದರೆ ಮುಗಿಯಿತು. ಹಿಡಿಯಲ್ಲಿರುವ ಗುಂಡಿಯನ್ನು ಒತ್ತಿದರೆ ಹೊರಡುತ್ತದೆ, ತಿರುಗಿಸಿದರೆ ವೇಗ ಹೆಚ್ಚುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ. ಹಿಡಿಯ ನಡುವೆ ಅಂಗೈಯಗಲದ ಒಂದು ಗಾಜಿನ ಫಲಕ. ಅದರಲ್ಲಿ ಮೂರು ಅಂಕಿಗಳು ಮೂಡುವುವು: ಕುಳಿಯಿರುವ ನುಣುಪಾದ ಹುಲ್ಲಂಗಳದ ಮುಂಚಿಗೆ ಎಷ್ಟು ಗಜ, ನಡುವಿಗೆ ಎಷ್ಟು, ಹಿಂದಿನ ಅಂಚಿಗೆ ಎಷ್ಟು.

ಡಾಕ್ಟರರು ನಕ್ಕರು. ಚಿಕ್ಕ ನಗುವಲ್ಲ, ಮೊದಲ ಕುಳಿಯಿಂದ ಹದಿನೆಂಟನೆಯದರವರೆಗೆ ನಡೆದ ನಗು. ಮೇಷ್ಟರಿಗೆ ಮಗುವಿನ ಗಾಡಿ ದೊರೆತಿದೆ, ಮಗುವೊಂದು ಬಾಕಿ ಎಂದರು. ಸಮಗಣಿತದ ಪಂಡಿತರಿಗೆ ನೂರೈವತ್ತು ಗಜವನ್ನು ಅಳೆಯಲು ಆಕಾಶದ ಸಹಾಯ ಬೇಕಾಯಿತೇ ಎಂದರು. ಮೇಷ್ಟರು ಮೊದಲನೆಯದಕ್ಕೆ ಉತ್ತರ ಕೊಡಲಿಲ್ಲ. ಎರಡನೆಯದಕ್ಕೆ ಮಾತ್ರ, ಕಡಲಗಾಳಿಯಲ್ಲಿ ನಿಂತುಕೊಂಡು, ಪಾಠವನ್ನೇ ಮಾಡಿದರು.

ಆ ಪಾಠವು ಕೇಳತಕ್ಕದ್ದು. ಭೂಮಿಯಿಂದ ಸುಮಾರು ಇಪ್ಪತ್ತು ಸಾವಿರ ಕಿಲೋಮೀಟರು ಮೇಲೆ ಈ ಕಾರ್ಯಕ್ಕೆಂದೇ ಅಮೆರಿಕದವರು ಇರಿಸಿದ ಉಪಗ್ರಹಗಳು ತಿರುಗುತ್ತಿವೆ. ಒಂದೊಂದೂ ದಿನಕ್ಕೆ ಎರಡು ಬಾರಿ ಭೂಪ್ರದಕ್ಷಿಣೆ ಮಾಡುವುದು. ಪ್ರತಿಯೊಂದರಲ್ಲಿಯೂ ಪರಮಾಣುವಿನ ಗಡಿಯಾರವಿದೆ. ತಾನು ಎಲ್ಲಿದ್ದೇನೆ, ಗಂಟೆ ಎಷ್ಟಾಯಿತು ಎಂಬ ಎರಡನ್ನೇ ಅದು ಸದಾ ಸಾರುತ್ತಿರುವುದು. ಸಾರಿದ ಮಾತು ಗಾಡಿಯನ್ನು ಮುಟ್ಟಲು ಹಿಡಿದ ಕಾಲದಿಂದ ದೂರವನ್ನು ಎಣಿಸಬಹುದು. ಮೂರು ಉಪಗ್ರಹಗಳಿಂದ ನೆಲೆ ತಿಳಿಯುತ್ತದೆ. ಆದರೆ ಗಾಡಿಯ ಗಡಿಯಾರವು ಅಗ್ಗದ್ದಾದುದರಿಂದ ಅದರ ತಪ್ಪನ್ನು ತಿದ್ದಲು ನಾಲ್ಕನೆಯದು ಬೇಕು. ರೇಡಿಯೋ ಅಲೆಯು ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರು ಹೋಗುವುದರಿಂದ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ಕಾಲ ತಪ್ಪಿದರೆ ನೆಲದ ಮೇಲೆ ಮುನ್ನೂರು ಮೀಟರು ತಪ್ಪುತ್ತದೆ. ಚೆಂಡು ಹುಲ್ಲಂಗಳವನ್ನು ದಾಟಿ ಸಮುದ್ರಕ್ಕೆ. ಸೈನ್ಯಕ್ಕಾಗಿ ಹುಟ್ಟಿದ ಈ ವ್ಯವಸ್ಥೆಯನ್ನು ಸಾಮಾನ್ಯರ ಪಾಲಿಗೆ ಬುದ್ಧಿಪೂರ್ವಕವಾಗಿ ಮಸುಕು ಮಾಡಿಯೇ ಕೊಡುತ್ತಿದ್ದರು. 2000ದ ಮೇ ತಿಂಗಳಲ್ಲಿ ಅಧ್ಯಕ್ಷ ಕ್ಲಿಂಟನರ ಆಜ್ಞೆಯಿಂದ ಆ ಮಸುಕು ತೆಗೆಯಲ್ಪಟ್ಟಿತು. ಇಂದು ಬಯಲಾದ ಆಕಾಶದ ಕೆಳಗೆ ತಪ್ಪು ಕೆಲವೇ ಗಜಗಳು. ಗಾಡಿಯ ಹೊಟ್ಟೆಯಲ್ಲಿ ಬಯಲುಗಳ ನಕ್ಷೆಗಳು ಅಡಕವಾಗಿರುವುವು. ತನ್ನ ನೆಲೆಯನ್ನು ನಕ್ಷೆಯೊಡನೆ ಹೋಲಿಸಿ ಅದು ಅಂಕಿಯನ್ನು ಹೇಳುತ್ತದೆ.

"ವೃತ್ತಗಳು ಎಲ್ಲಿ ಕೂಡುತ್ತವೆ ಎಂಬುದನ್ನು ಮೂವತ್ತು ವರ್ಷ ಬೋಧಿಸಿದೆ, ಇದರಿಂದ ಏನು ಪ್ರಯೋಜನವೆಂದು ಹುಡುಗರು ಮೂವತ್ತು ವರ್ಷ ಕೇಳಿದರು. ಉತ್ತರ ಈಗ ಕೈಗೆ ಬಂದಿದೆ, ಕೇಳುವ ಹುಡುಗರಿಲ್ಲ" ಎಂದು ಮೇಷ್ಟರು ಮಾತು ಮುಗಿಸಿದರು.

ಇಂಥ ಸಾಧನಗಳಿಂದ ದೂರವನ್ನು ಅಳೆಯುವುದಕ್ಕೆ ಹಿಂದೆ ಪಂದ್ಯದ ವ್ಯವಸ್ಥಾಪಕರ ವಿಶೇಷ ಅನುಮತಿ ಬೇಕಾಗಿತ್ತು. 2019ರಿಂದ ನಿಯಮವು ತಿರುಗಿ, ಅವರು ಬೇಡವೆನ್ನದಿದ್ದರೆ ಬಳಸಬಹುದೆಂದಾಯಿತು. ಹೀಗೆ ಡಾಕ್ಟರರ ಕೊನೆಯ ಆಕ್ಷೇಪಣೆಯೂ ಬಿದ್ದುಹೋಯಿತು. ಹಾಸ್ಯ ಮಾತ್ರ ನಿಲ್ಲಲಿಲ್ಲ.

ಒಂದು ಅಕ್ಟೋಬರಿನಲ್ಲಿ ಮೇಷ್ಟರು ನಿದ್ರೆಯಲ್ಲಿಯೇ ತೀರಿಕೊಂಡರು. ಆ ಚಳಿಗಾಲದಲ್ಲಿ ಡಾಕ್ಟರರು ಒಬ್ಬರೇ ಆಡಿದರು. ಫೆಬ್ರುವರಿಯಲ್ಲಿ, ಒದ್ದೆ ಹುಲ್ಲಿನ ಮೇಲೆ ಚೀಲವನ್ನು ಎತ್ತಿ ಭುಜಕ್ಕೆ ಹಾಕುವ ಹೊತ್ತಿನಲ್ಲಿ, ಸೊಂಟದಲ್ಲಿ ಏನೋ ಸರಿದಂತಾಯಿತು. ಅವರು ಅಲ್ಲಿಯೇ ಕುಳಿತರು. ಪರೀಕ್ಷಿಸಿದ ವೈದ್ಯನು ಅವರ ಮಗನ ವಯಸ್ಸಿನವನು. ನಡೆಯಬಹುದು, ನಡೆಯಲೇಬೇಕು, ಆದರೆ ಹೊರಕೂಡದು ಎಂದು ಅವನು ವಿಧಿಸಿದನು. ತಾವು ಸಾವಿರಾರು ಜನರಿಗೆ ಹೇಳಿದ್ದ ಮಾತು ತಮಗೇ ಬಂದಾಗ ಡಾಕ್ಟರರಿಗೆ ಅದು ತೀರ ಒರಟಾಗಿ ಕೇಳಿಸಿತು.

ಏಪ್ರಿಲಿನಲ್ಲಿ ಮೇಷ್ಟರ ಪತ್ನಿ ಫೋನು ಮಾಡಿ ಗಾಡಿಯನ್ನು ತೆಗೆದುಕೊಂಡು ಹೋಗಬೇಕೆಂದು ಕೇಳಿಕೊಂಡರು. ತೋಟದ ಕೊಟ್ಟಿಗೆಯಲ್ಲಿ ಅದು ಮಡಿಸಿಟ್ಟಂತೆಯೇ ಇತ್ತು. ಆ ತಾಯಿ ಚಹಾ ಕೊಡುತ್ತ ಹೇಳಿದರು: "ಹೃದಯದ ತಜ್ಞರು ಭಾರ ಹೊರಬಾರದೆಂದು ಹೇಳಿದ ವಾರವೇ ಇದನ್ನು ಕೊಂಡರು, ಡಾಕ್ಟರೇ. ನಿಮಗೆ ತಿಳಿಸಬೇಡವೆಂದರು. ತಿಳಿದರೆ ನೀವು ಆಟವನ್ನು ಬಿಟ್ಟು ಅವರ ಉಸಿರನ್ನೇ ಎಣಿಸುತ್ತಿರುವಿರಂತೆ."

ಡಾಕ್ಟರರು ಚಹಾವನ್ನು ಕುಡಿದರು. ಏರುಗಳಲ್ಲಿ ಮೇಷ್ಟರು ಗಾಡಿಯನ್ನು ನಿಲ್ಲಿಸಿ ಫಲಕವನ್ನು ಬಹಳ ಹೊತ್ತು ನೋಡುತ್ತಿದ್ದುದು ನೆನಪಾಯಿತು. ಮೂರು ಅಂಕಿಗಳನ್ನು ಓದಲು ಅಷ್ಟು ಹೊತ್ತು ಬೇಕಿಲ್ಲ. ಅಂಕಿ ಒಪ್ಪಿಗೆಯಾಗಲಿಲ್ಲವೇ ಎಂದು ತಾವು ಪ್ರತಿಸಲವೂ ಕೇಳಿದ್ದೂ ನೆನಪಾಯಿತು. ರೋಗಿಯ ಮುಖವನ್ನು ನೋಡಿಯೇ ಎದೆಯ ಸ್ಥಿತಿಯನ್ನು ಊಹಿಸಬಲ್ಲವರೆಂದು ಒಂದು ಕಾಲದಲ್ಲಿ ಹೆಸರಾಗಿದ್ದವರು ಅವರು.

ಗಾಡಿಯು ಮನೆಗೇನೋ ಬಂದಿತು. ಆದರೆ ಅದು ನಡೆಯುವ ಸ್ಥಿತಿಯಲ್ಲಿರಲಿಲ್ಲ. ಬ್ಯಾಟರಿಯನ್ನು ತಂತಿಯಿಂದ ಬಿಡಿಸದೆಯೇ ಚಳಿಗಾಲವೆಲ್ಲ ಬಿಟ್ಟಿದ್ದುದರಿಂದ ಅದು ಹನಿಹನಿಯಾಗಿ ಬರಿದಾಗಿ ಸತ್ತಿತ್ತು. ಚಾರ್ಜು ಮಾಡುವ ಯಂತ್ರಕ್ಕೆ ಸಿಕ್ಕಿಸಿದರೆ ದೀಪವು ಬಣ್ಣ ಬದಲಾಯಿಸಲೇ ಇಲ್ಲ. ಮೊದಲಿನ ಗಾಡಿಗಳಿಗೆ ಸೀಸದ ಬ್ಯಾಟರಿಗಳಿರುತ್ತಿದ್ದುವು. ಒಂದು ಕೊಡ ನೀರಿನ ಭಾರ. ಆಡಿ ಬಂದ ಕೂಡಲೆ ಅವನ್ನು ತುಂಬದಿದ್ದರೆ ಒಳಗಿನ ಫಲಕಗಳ ಮೇಲೆ ಸೀಸದ ಸಲ್ಫೇಟು ಹರಳುಗಟ್ಟಿ ಗಟ್ಟಿಯಾಗುವುದು. ಈಗಿನವು ಲಿಥಿಯಮ್ಮಿನವು, ಎರಡು ಮೂರು ಕಿಲೋ ಮಾತ್ರ. ಇವು ಹೆಚ್ಚು ಸಹನೆಯುಳ್ಳವಾದರೂ ಪೂರ್ಣ ಬರಿದಾಗುವುದನ್ನು ಇವೂ ಸಹಿಸವು; ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಇವನ್ನು ಚಾರ್ಜು ಮಾಡಲೂಬಾರದು. ಹೊಸ ಬ್ಯಾಟರಿಯ ಬೆಲೆಯನ್ನು ಕೇಳಿ ಡಾಕ್ಟರರ ಪತ್ನಿ, "ನಿಮ್ಮ ಬೆನ್ನಿಗಿಂತ ಅಗ್ಗವೇ ಆಯಿತು, ಕೊಂಡುಬಿಡಿ" ಎಂದರು.

ಗಾಡಿಯನ್ನು ಅವರು ಶಸ್ತ್ರಚಿಕಿತ್ಸೆಯ ಸಾಮಗ್ರಿಯಂತೆ ಶುದ್ಧಮಾಡಿದರು. ನೀರಿನ ಕೊಳವೆಯನ್ನು ಹಿಡಿಯಲಿಲ್ಲ. ರಭಸದ ನೀರು ಮೋಟಾರಿಗೂ ಫಲಕಕ್ಕೂ ಶತ್ರು. ಒದ್ದೆ ಬಟ್ಟೆಯಿಂದ ಒರಸಿದರು. ಅಚ್ಚಿಗೆ ಸುತ್ತಿಕೊಂಡಿದ್ದ ಒಣಹುಲ್ಲನ್ನು ಚಿಮುಟದಿಂದ ಒಂದೊಂದಾಗಿ ತೆಗೆದರು. ಬಯಲಿನ ನಕ್ಷೆಯು ಹಳೆಯದಾಗಿತ್ತು. ಹನ್ನೆರಡನೆಯ ಹುಲ್ಲಂಗಳವನ್ನು ಈಚೆಗೆ ಹಿಂದಕ್ಕೆ ಸರಿಸಿದ್ದರು. ಮೊಮ್ಮಗಳ ನೆರವಿನಿಂದ ಹೊಸ ನಕ್ಷೆಯನ್ನು ತುಂಬಿದರು. ಹಿಡಿಯು ಆರಡಿಯ ಮನುಷ್ಯನಿಗೆ ತಕ್ಕಂತೆ ಮೇಲಿನ ಹಲ್ಲಿನಲ್ಲಿತ್ತು. ಅದನ್ನು ಎರಡು ಹಲ್ಲು ಕೆಳಗಿಳಿಸುವಾಗ ಅವರ ಕೈ ಸ್ವಲ್ಪ ತಡೆಯಿತು. ಒಂದು ಗಾಲಿಯ ಒಳಗಿನ ಗುಂಬಕ್ಕೆ ಕೆಂಪು ಅಂಟುಪಟ್ಟಿಯೊಂದನ್ನು ಮೂರು ಸುತ್ತು ಸುತ್ತಿದ್ದಿತು; ಅದು ಮಣ್ಣು ಹಿಡಿದು ಅಸಹ್ಯವಾಗಿದ್ದುದರಿಂದ ಕಿತ್ತು ಎಸೆದರು.

ಮರುದಿನ ಮೊದಲ ಕುಳಿಯ ಬಳಿ ನಾಲ್ಕು ಜನರ ಮುಂದೆ ಡಾಕ್ಟರರು ಗುಂಡಿಯನ್ನು ಒತ್ತಿದರು. ಮೋಟಾರು ಗುಂಯ್ಗುಟ್ಟಿತು, ಗಾಡಿ ಕದಲಲಿಲ್ಲ. ವೇಗ ಹೆಚ್ಚಿಸಿದರು, ಗುಂಯ್ಕಾರ ಹೆಚ್ಚಿತು. ಹೊಸ ಬ್ಯಾಟರಿಯನ್ನು ಮಾರಿದವನ ವಿಷಯದಲ್ಲಿ ಕನ್ನಡದಲ್ಲಿ ಎರಡು ಮಾತನ್ನಾಡಿದರು. ಬಯಲನ್ನು ನೋಡಿಕೊಳ್ಳುವ ಆಳೊಬ್ಬನು ಬಂದು ಬಗ್ಗಿ ನೋಡಿ, ಗಾಲಿಗಳು ಅದಲುಬದಲಾಗಿವೆ ಎಂದನು. ಗಾಲಿಯ ಒಳಗೆ ಅಚ್ಚನ್ನು ಹಿಡಿಯುವ ಕೊಕ್ಕೆಯಿದೆ. ಅದು ಒಂದು ದಿಕ್ಕಿಗೆ ಮಾತ್ರ ಕಚ್ಚುವುದು. ಎಡದ್ದು ಬಲಕ್ಕೆ ಹೋದರೆ ಅಚ್ಚು ತಿರುಗುತ್ತದೆ, ಗಾಲಿ ತಿರುಗುವುದಿಲ್ಲ. ಎಡ ಬಲ ಎಂದು ಅಚ್ಚೊತ್ತಿದ್ದ ಅಕ್ಷರಗಳು ಎಂದೋ ಸವೆದುಹೋಗಿದ್ದುವು. "ಮೇಷ್ಟರು ಎಡಗಾಲಿಗೆ ಕೆಂಪು ಪಟ್ಟಿ ಸುತ್ತಿರುತ್ತಿದ್ದರಲ್ಲ, ಏನಾಯಿತು ಸ್ವಾಮಿ?" ಎಂದು ಅವನು ಕೇಳಿದನು.

ಗಾಲಿಗಳನ್ನು ಬದಲಾಯಿಸಿಕೊಂಡು ಆಡಿದರು. ಏಳನೆಯ ಕುಳಿಗೆ ಫಲಕವು ನೂರೈವತ್ತೆರಡು ಗಜವೆಂದಿತು. ಗಾಳಿ ಎದುರಾಗಿ ಬೀಸುತ್ತಿತ್ತು. ಗಾಡಿಗೆ ಗಾಳಿ ತಿಳಿಯದು. ನೂರೆಂಬತ್ತರ ಕೋಲನ್ನು ತೆಗೆದು ಹೊಡೆದರು. ಚೆಂಡು ಹುಲ್ಲಂಗಳದ ಮೇಲೆ ನಿಂತಿತು. ಯಾರಿಗೋ ಹೇಳುವಂತೆ ಬಲಗಡೆಗೆ ತಿರುಗಿದರು. ಅಲ್ಲಿ ಯಾರೂ ಇರಲಿಲ್ಲ. ಮುಂದಿನ ಏರಿನ ನಡುವೆ ಗುಂಡಿಯೊತ್ತಿ ಗಾಡಿಯನ್ನು ನಿಲ್ಲಿಸಿ, ಉಸಿರು ಸಮವಾಗುವವರೆಗೆ ಫಲಕವನ್ನು ನೋಡುತ್ತ ನಿಂತರು.

ಸಂಜೆ ಮನೆಗೆ ಬರುವ ದಾರಿಯಲ್ಲಿ ಕಬ್ಬಿಣದ ಸಾಮಾನಿನ ಅಂಗಡಿಯೊಂದು ಇನ್ನೂ ತೆರೆದಿತ್ತು. ಕಪ್ಪು, ನೀಲಿ, ಹಳದಿ ಪಟ್ಟಿಗಳು ಮುಂದೆಯೇ ತೂಗುತ್ತಿದ್ದುವು. ಡಾಕ್ಟರರು ಕೆಂಪೇ ಬೇಕೆಂದರು. ಅಂಗಡಿಯವನು ಒಳಗೆ ಹುಡುಕಿ ತಂದುಕೊಟ್ಟನು. ಬ್ಯಾಟರಿಯನ್ನು ತಂತಿಯಿಂದ ಬಿಡಿಸಿ ಅಡಿಗೆಮನೆಯ ಮೂಲೆಯಲ್ಲಿ ಚಾರ್ಜಿಗೆ ಇಟ್ಟು, ಗಾಲಿಯನ್ನು ತೊಡೆಯ ಮೇಲೆ ಇರಿಸಿಕೊಂಡು, ಎಡದ್ದು ಹೌದೇ ಎಂದು ಎರಡು ಬಾರಿ ನೋಡಿ, ಪಟ್ಟಿಯನ್ನು ಮೂರು ಸುತ್ತು ಸುತ್ತಿದರು.