ಉಜ್ಜದೆ ಉಜ್ಜುವುದು

ಹಲ್ಲುಜ್ಜುವುದು ಎಂಬ ಮಾತಿನಲ್ಲೇ ಕೈಯ ದುಡಿಮೆ ಅಡಗಿದೆ. ಬೇವಿನ ಕಡ್ಡಿ, ಇದ್ದಿಲು, ಉಪ್ಪು ಎಲ್ಲವೂ ಬೆರಳಿನ ಬಲವನ್ನೇ ಬೇಡಿದವು. 1913ರಲ್ಲಿ ಬಿ. ವಿ. ಪಂಡಿತರು ನಂಜನಗೂಡಿನಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯ ಗುಲಾಬಿ ಬಣ್ಣದ ಹಲ್ಲುಪುಡಿಗೂ ತೋರುಬೆರಳೇ ಬ್ರಷ್. ನಾವು ನೆಲೆಸಿರುವ ವಡೋದರದ ಮಂಜಲ್‌ಪುರಕ್ಕೂ ಈ ಅಭ್ಯಾಸ ಹೊಸದಲ್ಲ. ಬೇವು, ಜಾಲಿಯ ಕಡ್ಡಿಗಳನ್ನು ಗುಜರಾತಿಗಳು ದಾತಣ ಎನ್ನುತ್ತಾರೆ.

ನಮ್ಮ ಮನೆಗೆ ವಿದ್ಯುತ್ ಬ್ರಷ್ ಬಂದದ್ದು ಷೋಕಿಗಲ್ಲ. ಎಂಬತ್ತು ದಾಟಿದ ಅಮ್ಮನ ಬಲಗೈ ನಡುಗತೊಡಗಿತ್ತು. ನಾವೇ ಉಜ್ಜಿಬಿಡುತ್ತೇವೆ ಎಂದರೆ, "ಅನ್ನ ಬಡಿಸೋದಕ್ಕೆ ನೀವಿದ್ದೀರಿ, ಬಾಯಿ ತೊಳೆಯೋದಕ್ಕೆ ನಾನಿನ್ನೂ ಇದ್ದೀನಿ" ಎಂದರು. ಊರು ತೊರೆದು ಮಕ್ಕಳ ಮನೆ ಸೇರಿದ ಹಿರಿಯರು ನೆರೆಹೊರೆ, ಅಂಗಡಿಬೀದಿ, ಮಾತು ಎಲ್ಲವನ್ನೂ ಬಿಟ್ಟು ಬಂದಿರುತ್ತಾರೆ. ಅವರ ಪಾಲಿಗೆ ಉಳಿಯುವ ಸ್ವಾತಂತ್ರ್ಯ ಬಚ್ಚಲಿನಷ್ಟೇ ಅಗಲ.

ಆದರೆ ಹೊಸ ಬ್ರಷ್ ಮೊದಮೊದಲು ಕನ್ನಡಿ, ಗೋಡೆ, ಸೆರಗುಗಳಿಗೆಲ್ಲ ನೊರೆ ಚಿಮ್ಮಿಸಿತು. ಕಾರಣ ಸರಳ: ನಿಮಿಷಕ್ಕೆ ಸಾವಿರಾರು ಸಲ ಅಲುಗುವ ಎಳೆಗಳು ಬಾಯಿಯ ಹೊರಗೆ ಇದ್ದರೆ ಪೇಸ್ಟನ್ನು ಎರಚುತ್ತವೆ; ಮುಚ್ಚಿದ ತುಟಿಗಳ ಒಳಗೆ ಅದೇ ಚಲನೆ ಹಲ್ಲನ್ನು ಶುಚಿಗೊಳಿಸುತ್ತದೆ. ಆದ್ದರಿಂದ ಎಲ್ಲವೂ ಕ್ರಮದಲ್ಲಿದೆ. ಬಟಾಣಿ ಕಾಳಿನಷ್ಟು ಪೇಸ್ಟು ಸಾಕು. ಅದನ್ನು ಒದ್ದೆಯಾದ ಎಳೆಗಳ ನಡುವೆ ಮೆಲ್ಲನೆ ಒತ್ತಬೇಕು. ಬ್ರಷ್ಷನ್ನು ಹಲ್ಲಿಗೆ ತಾಗಿಸಿ, ತುಟಿ ಮುಚ್ಚಿ, ಆಮೇಲೆ ಗುಂಡಿ ಒತ್ತಬೇಕು. ಮುಖವನ್ನು ಬೇಸಿನ್ನಿನ ಮೇಲೆ ಬಾಗಿಸಿದರೆ ನೊರೆ ಮೊಣಕೈಗೆ ಇಳಿಯದೆ ಕೆಳಗೆ ಬೀಳುತ್ತದೆ. ಉಗುಳುವ ಮುನ್ನ, ಬ್ರಷ್ ಇನ್ನೂ ಬಾಯಲ್ಲಿರುವಾಗಲೇ, ಅದನ್ನು ನಿಲ್ಲಿಸಬೇಕು.

ಕಲಿಯಲು ಕಷ್ಟವಾದದ್ದು ಇದಲ್ಲ, ಉಜ್ಜದಿರುವುದು. ಜೀವಮಾನವಿಡೀ ತಿಕ್ಕಿದ ಕೈ ಸುಮ್ಮನಿರಲು ಒಪ್ಪುವುದಿಲ್ಲ. ಇಲ್ಲಿ ಕೈಯ ಕೆಲಸ ಹಿಡಿದುಕೊಳ್ಳುವುದು, ಒಂದೊಂದೇ ಹಲ್ಲಿನ ಮೇಲೆ ನಿಧಾನವಾಗಿ ಸರಿಸುವುದು, ಅಷ್ಟೆ. ಎರಡು ನಿಮಿಷವನ್ನು ಬಾಯಿಯ ನಾಲ್ಕು ಭಾಗಗಳಿಗೆ ಹಂಚಿದರೆ ತಲಾ 30 ಸೆಕೆಂಡು. ಹಲವು ಬ್ರಷ್ಷುಗಳು ಆ ಗಡುವಿಗೆ ತಾವೇ ಒಮ್ಮೆ ತಡೆದು ಎಚ್ಚರಿಸುತ್ತವೆ. ದಪ್ಪ ಹಿಡಿ ನಡುಗುವ ಕೈಗೂ ದಕ್ಕುತ್ತದೆ.

ಈಗ ಬೆಳಗಿನಲ್ಲಿ ಅಮ್ಮ ಬಚ್ಚಲಿನ ಬಾಗಿಲನ್ನು ತಾವೇ ಮುಂದೆ ಮಾಡಿಕೊಳ್ಳುತ್ತಾರೆ. ಹೊರಗೆ ನಮಗೆ ಕೇಳುವುದು ಎರಡು ನಿಮಿಷದ ಗುಂಯ್ ಸದ್ದು, ಬಳಿಕ ಬಾಯಿ ಮುಕ್ಕಳಿಸುವ ನೀರು. ಒಳಗೆ ಬರಲೇ ಎಂದು ನಾವು ಕೇಳುವುದನ್ನು ಬಿಟ್ಟಿದ್ದೇವೆ.